ಕಾಲುವೆ ಬಂದಾದ ಮೇಲೆ

ದಿನಕ್ಕೆ ಆರು ಸಲ ಈ ಸೇತುವೆ ದಾಟುತ್ತೇನೆ,
ಗಂಗಾವತಿಯಿಂದ ಕಾರಟಗಿ, ಕಾರಟಗಿಯಿಂದ ಗಂಗಾವತಿ,
ಚಿಲ್ಲರೆ ಎಣಿಸುತ್ತ, ಒಳಗ ಸರೀರಿ ಎನ್ನುತ್ತ.
ಕಿಟಕಿಯಾಚೆ ನೀರಿದೆಯೋ ಇಲ್ಲವೋ
ಕಂಡಕ್ಟರಿಗೆ ಏನು ಗೊತ್ತು.
ನಿನ್ನೆ ಭತ್ತ ಕೊಯ್ಯುವ ಮಿಷಿನ್ನು ಎದುರಾಗಿ
ಬಸ್ಸು ಸೇತುವೆ ಮೇಲೇ ನಿಂತಿತು.
ಬಗ್ಗಿ ನೋಡಿದೆ. ಗೇಟು ಇಳಿಸಿದ್ದರು.

ಇವತ್ತು ವಾರದ ರಜೆ.
ಭೂಮಿಕಾ, ಚಪ್ಪಲಿ ಹಾಕ್ಕೋ. ಬಕೀಟು ತಗೋ.
"ಎಲ್ಲಿಗೆವ್ವಾ?"
ಕಾಲುವಿಯೊಳಗ.

ತುಂಬಿ ಹರಿವ ಹತ್ತು ತಿಂಗಳು ಅದು ಹುಡುಗರದು.
ಅವರು ಸೇತುವೆ ಕಟ್ಟೆಯಿಂದ ಬರಿಮೈಯಲ್ಲಿ ಜಿಗಿಯುವರು,
ನಾವು ದಂಡೆಗೆ ಕೂತು ಕೌದಿ ಒಗೆಯುವರು.
ಮೊಣಕಾಲು ತೊಯ್ದರೆ ಸಾಕು, ಬೆನ್ನ ಹಿಂದೆ ಬೈಗುಳ.
ಯುಗಾದಿ ಕಳೆದು ನೀರು ನಿಂತರೆ
ಎರಡು ತಿಂಗಳು ನಮ್ಮದು,
ನನ್ನದು, ಖಾಜಾಬಿಯದು.
ನೀರಿಲ್ಲದ ಕಾಲುವೆಗೆ ಇಳಿಯಬೇಡ ಎನ್ನಲು
ದೊಡ್ಡವರಿಗೆ ಕಾರಣ ಸಿಗುತ್ತಿರಲಿಲ್ಲ.

ಗುಂಡಿಗಳಲ್ಲಿ ಉಳಿದ ಬೆರಳುದ್ದದ ಮೀನನ್ನು
ಅವಳ ಓಢಣಿಯಲ್ಲಿ ಹಿಡಿಯುತ್ತಿದ್ದೆವು,
ಎರಡು ತುದಿ ಅವಳು, ಎರಡು ತುದಿ ನಾನು,
ಎತ್ತುವಾಗ ಇಬ್ಬರೂ ಉಸಿರು ಕಟ್ಟಿ.
ಹಿಡಿದದ್ದನ್ನು ಕೆರೆಗೆ ಬಿಡಲು ಓಡುತ್ತಿದ್ದೆವು,
ದಾರಿಯಲ್ಲೇ ಅರ್ಧ ಸಾಯುತ್ತಿದ್ದವು.
ಒಂದು ಬೇಸಿಗೆ ಬೆಳ್ಳಿಯ ಕಾಲುಂಗುರ ಸಿಕ್ಕಿತು.
ಯಾರದೋ ಏನೋ ಎಂದು ಹೆದರಿ ಅಲ್ಲೇ ಹೂತು
ಗುರುತಿಗೆ ಕಲ್ಲಿಟ್ಟು ಬಂದೆವು.
ಮರುದಿನ ನೋಡಿದರೆ ಎಲ್ಲಾ ಕಲ್ಲೂ ಅದೇ ಕಲ್ಲು.

ಇದನ್ನೆಲ್ಲ ಹೇಳುತ್ತ ಇಳಿದೆ.
ಇಳಿಜಾರಿನ ಬಂಡೆ ರೊಟ್ಟಿಹಂಚಿನ ಹಾಗೆ ಕಾದಿತ್ತು.
ಭೂಮಿಕಾ ಮೂಗು ಮುಚ್ಚಿಕೊಂಡಳು.
ನಿಜ, ನಾರುತ್ತಿತ್ತು. ಒಡೆದ ಬಾಟಲಿ, ಗೊಬ್ಬರದ ಚೀಲ,
ಸೊಂಡಿಲು ಕರಗಿದ ಹೋದ ವರ್ಷದ ಗಣಪ.
ಮೊದಲು ಹಿಂಗ ಇರಲಿಲ್ಲ ಎಂದೆ.
ಇದ್ದಿರಲೂಬಹುದು. ನಮಗೆ ಮೀನಷ್ಟೇ ಕಂಡಿರಬಹುದು.

ಒಂದು ಗುಂಡಿ ಸಿಕ್ಕಿತು. ನನ್ನ ವೇಲು ಬಿಚ್ಚಿ
ಎರಡು ತುದಿ ಅವಳ ಕೈಗೆ ಕೊಟ್ಟೆ.
ಎತ್ತು ಅಂದಾಗ ಅವಳು ಬೇರೆಲ್ಲೋ ನೋಡುತ್ತಿದ್ದಳು.
ಮೂರು ಸಲ ಎತ್ತಿದೆವು.
ಕೆಸರು. ಕೆಸರು. ಒಂದು ಗುಟ್ಕಾ ಚೀಟಿ.
ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು.

"ಅವ್ವಾ, ಅವು ಏನು ನಂಬರು?"
ಸೇತುವೆಯ ಕಂಬಕ್ಕೆ ಬರೆದ ಅಡಿಗಳು, ಒಂದರಿಂದ ಒಂಬತ್ತು.
ನೀರು ಎಷ್ಟೈತಿ ನೋಡಾಕ.
"ತುಂಬಿದಾಗ ಎಲ್ಲೀಮಟ?"
ಎಂಟರಮಟ.
ಅವಳು ಎಂಟನ್ನು ನೋಡಿದಳು, ಆಮೇಲೆ ನನ್ನನ್ನು.
ನಾನು ಐದಕ್ಕೇ ಮುಗಿದಿದ್ದೆ,
ಅವಳಿನ್ನೂ ನಾಲ್ಕನ್ನೂ ಮುಟ್ಟಿರಲಿಲ್ಲ.
"ಅಂದ್ರ ನಾವೀಗ ನೀರಾಗ ಅದೀವಿ!"

ಬಕೀಟು ಬಿಟ್ಟಳು. ಗಲ್ಲ ಉಬ್ಬಿಸಿ, ಬಾಯಿ ಬಿಗಿದು,
ಎರಡೂ ಕೈಯಿಂದ ಬಿಸಿಲನ್ನು ಹಿಂದಕ್ಕೆ ತಳ್ಳುತ್ತ
ನಟ್ಟನಡು ಕಾಲುವೆಯಲ್ಲಿ ಈಜತೊಡಗಿದಳು.
ತಲೆಯ ಮೇಲೆ ಬಸ್ಸು ಗಡಗಡಿಸಿ ಹೋಯಿತು,
ನನ್ನದೇ ರೂಟಿನದು, ಹನ್ನೊಂದೂಕಾಲಿನದು.
ಅವಳು ಮೇಲೆ ಬೆರಳು ತೋರಿಸಿದಳು,
ದಂಡೆಗೆ ಬಂದ ಮೇಲೆ ಹೇಳಿದಳು ಅದು ಹಡಗಂತೆ.

ನನಗೆ ಈಜು ಬರುವುದಿಲ್ಲ. ಯಾರೂ ಕಲಿಸಲಿಲ್ಲ.
ವೇಲು ಸೊಂಟಕ್ಕೆ ಬಿಗಿದೆ, ಗಲ್ಲ ಉಬ್ಬಿಸಿದೆ,
ಎಂಟಡಿ ನೀರಿನ ತಳದಲ್ಲಿ
ಅವಳ ಹಿಮ್ಮಡಿ ನೋಡಿಕೊಂಡು ಕೈ ಬೀಸಿದೆ.
ಎಮ್ಮೆ ಕಾಯುತ್ತಿದ್ದ ಮುದುಕ
ಬೀಡಿ ಹಚ್ಚುವುದು ಮರೆತು ನಿಂತ.

ಬಕೀಟು ಅಲ್ಲೇ ಉಳಿಯಿತು.
ನಾಳೆ ಮೊದಲ ಟ್ರಿಪ್ಪಿನಲ್ಲಿ
ಕಿಟಕಿಯಿಂದ ನೋಡಬೇಕು.