ಮುಯ್ಯಿ ಲೆಕ್ಕ

ಮದುವೆಗಳಲ್ಲಿ ಮುಯ್ಯಿ ಬರೆಯುತ್ತಿದ್ದ ನನ್ನಪ್ಪ.
ತೊಡೆಯ ಮೇಲೆ ಉದ್ದನೆಯ ಪಟ್ಟಿ, ಕಿವಿಸಂದಿಗೆ ಪೆನ್ಸಿಲು,
ಬಾಯ ಮುಂದೆ ಗೊರಗುಡುವ ಮೈಕು.
"ಸಿರುಗುಪ್ಪದ ಬುಡ್ಡನಗೌಡರು, ಐನೂರಾ ಒಂದು.
ಕುರುಗೋಡಿನ ಗಾಣಿಗರ ಈರಮ್ಮ, ಎರಡು ರೂಪಾಯಿ."
ಎರಡಕ್ಕೂ ದನಿಯ ಎತ್ತರ ಒಂದೇ.
ಅವನ ಆಸ್ತಿಯೆಂದರೆ ಅದೊಂದೇ. ನನ್ನ ಪಾಲಿಗೆ ಬರಲಿಲ್ಲ.

ನನ್ನದು ಕೌಲ್ ಬಜಾರಿನಲ್ಲಿ ಹನ್ನೆರಡು ಮಿಷನ್ನು,
ಜೀನ್ಸ್ ಹೊಲಿಗೆ, ತೊಳೆದರೂ ಬಿಡದ ಉಗುರಿನ ನೀಲಿ,
ಮತ್ತೆ ಲಾಕ್‌ಡೌನಿನಲ್ಲಿ
ಮಿಷನ್ನುಗಳೆಲ್ಲ ಚಾದರ ಹೊದ್ದು ಮಲಗಿದ್ದಾಗ
ತಂಗಿಯ ಗಂಡನ ಮಾತಿಗೆ ಅಗ್ಗದಲ್ಲಿ ಕೊಂಡ
ಮೂವತ್ತು ಸಾವಿರ ಟೋಕನ್ನು.

ಗಂಟು ಕಟ್ಟಿಟ್ಟಷ್ಟೂ ಓಟಿಗೆ ತೂಕ, ಅಲ್ಲಿಯ ನೇಮ ಅದು.
ಯಾರದೋ ಬರಹದ ಕೆಳಗೆ ನಾನು ಬೆರಳಿಟ್ಟರೆ
ಏಳನೆಯ ದಿನಕ್ಕೆ ಅವರಿಗೆ ನಲವತ್ತು ರೂಪಾಯಿ,
ಬೆರಳಿಟ್ಟ ಪುಣ್ಯಕ್ಕೆ ನನಗೂ ಒಂದು ಪಾಲು.
ಗಂಟಿಲ್ಲದವರು ಇಟ್ಟರೆ ಧೂಳು.
ನಾನಿಟ್ಟ ಹೆಸರಲ್ಲ, ಅಲ್ಲಿ ಹಾಗೇ ಅನ್ನುತ್ತಾರೆ: ಧೂಳು.

ಮೊದಮೊದಲು ಓದುತ್ತಿದ್ದೆ, ಸುಳ್ಳಲ್ಲ.
ಆಮೇಲೆ ಪುರಸೊತ್ತು ಎಲ್ಲಿಯದು?
ಒತ್ತಿದರೆ ಇಳಿಯುವ ಬಲ, ಬಿಟ್ಟರೆ ತಾನೇ ಏರುತ್ತದೆ,
ರಾತ್ರಿಯೆಲ್ಲ ಊರುವ ಬಾವಿಯ ಹಾಗೆ.
ತುಂಬಿ ಚೆಲ್ಲಿದರೆ ಲುಕ್ಸಾನು ಅಂತ
ಯಂತ್ರಕ್ಕೇ ಹೇಳಿಟ್ಟೆ: ಇಂಥವರು ಬರೆದರೋ, ಒತ್ತು.
ಹೊಸಪೇಟೆಯವನೊಬ್ಬ, ಮಾನ್ವಿಯ ಇಬ್ಬರು, ನಾನು,
ಒಬ್ಬರ ಬೆನ್ನು ಒಬ್ಬರು ಕೆರೆದುಕೊಂಡು
ಅದಕ್ಕೆ ಬಳಗ ಅಂತ ಹೆಸರಿಟ್ಟೆವು.

ಗಂಗಾವತಿಯ ಹುಡುಗನೊಬ್ಬ ನನ್ನ ಬರಹದಲ್ಲಿ
ಒಂದೇ ಒಂದು ಒತ್ತಕ್ಷರ ತಿದ್ದಿದ.
ಕೆಳಮುಖದ ಓಟು ಒತ್ತಿದೆ. ಅವನ ವಾರದ ದುಡಿಮೆ
ನಾನು ಚಹಾ ಕುಡಿದು ಮುಗಿಸುವುದರೊಳಗೆ ಸೊನ್ನೆ.

ನಾನು ಬರೆದದ್ದಕ್ಕೆ ನಾನೇ ಒತ್ತಿಕೊಂಡೆ, ಪೂರಾ ಬಲ ಹಾಕಿ.
ಅಪ್ಪ ಇದ್ದಿದ್ದರೆ ಕೇಳುತ್ತಿದ್ದ:
ನಿನ್ನ ಮದುವಿಗೆ ನೀನೇ ಮುಯ್ಯಿ ಓದಿಸ್ತೀಯೇನಲೇ?

ಆಗ ಬಂತು ಮಾಬುನ್ನಿಯೆಂಬ ಹೆಸರಿನ ಕೆಳಗಿಂದ
ನಲವತ್ತು ರೂಪಾಯಿ, ವಾಪಸು.
ಜೊತೆಗೆ ಮೂರು ಸಾಲು:
"ಅಣ್ಣಾರೆ, ನಾ ಬರದದ್ದು ಓದಾಕ ಆರು ನಿಮಿಷ ಬೇಕು.
ನಿಮ್ಮ ಓಟು ನಾಕು ಸೆಕೆಂಡಿಗೆ ಬಂದೈತಿ.
ಓದಲಾರದ ರೊಕ್ಕ ನಂಗ ಜೀರ್ಣ ಆಗಂಗಿಲ್ಲ."

ಲೆಕ್ಕ ತೆಗೆದು ನೋಡಿದೆ. ಹೌದು, ನಾಲ್ಕು.
ಅಲ್ಲಿ ಯಾವುದನ್ನೂ ಅಳಿಸಲು ಬರುವುದಿಲ್ಲ,
ರಬ್ಬರು ಇಲ್ಲದ ಪಟ್ಟಿ ಅದು.
ನನ್ನ ಸ್ವಂತ ಓಟಿನ ಬರಹಕ್ಕೆ
ಅವಳೊಂದು ಕೆಳಮುಖದ ಓಟನ್ನೂ ಇಟ್ಟಿದ್ದಳು.
ಧೂಳು. ನನ್ನ ದುಡ್ಡಿನಲ್ಲಿ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ.
ರಾತ್ರಿ ಎರಡರ ತನಕ ಅದನ್ನೇ ನೋಡುತ್ತ ಕೂತಿದ್ದೆ.

ಓದಿದೆ ಕೊನೆಗೆ.
ಹೊಲಿದ ಪ್ಯಾಂಟಿನಿಂದ ದಾರದ ತುದಿ ಕತ್ತರಿಸುವ ಕೆಲಸದ ಮೇಲೆ ಬರೆದಿದ್ದಳು.
ಒಂದು ಪ್ಯಾಂಟಿಗೆ ಎಷ್ಟು ತುದಿ, ದಿನಕ್ಕೆ ಎಷ್ಟು ಪ್ಯಾಂಟು,
ಹೆಬ್ಬೆರಳ ಬುಡದಲ್ಲಿ ಕತ್ತರಿ ಕೂತ ಗುರುತು,
ಸಂಜೆ ಮಗಳ ತಲೆಯಲ್ಲಿ ಹೇನು ಹುಡುಕುವಾಗಲೂ
ಬೆರಳು ದಾರ ಹುಡುಕುವುದು.
ನಡುವೆ ಒಂದು ಸಾಲು:
"ಮಾಲಕ ನಮ್ಮ ಮುಂದಿಂದ ಹಾಯ್ತಾನ, ಫೋನಿನ್ಯಾಗ ಬೆರಳು ಒತ್ಗೊಂತ.
ಏನು ಒತ್ತತಾನೋ, ಯಾರಿಗೆ ಗೊತ್ತು."

ನಿಜಕ್ಕೂ ಆರು ನಿಮಿಷ. ನನಗೆ ಒಂಬತ್ತು ಹಿಡಿಯಿತು.
ಓಟು ಒತ್ತಲು ಹೋದರೆ ಏಳು ದಿನ ದಾಟಿತ್ತು.
ಇನ್ನು ಎಷ್ಟೇ ಗಂಟಿನವನು ಒತ್ತಿದರೂ ಬೆಲೆಯಿಲ್ಲ,
ಅವಳಿಗೂ ಇಲ್ಲ, ನನಗೂ ಇಲ್ಲ.
ಯಂತ್ರ ನಿಲ್ಲಿಸಿ, ನಾನೇ ಒತ್ತಿದೆ.

ಬೆಳಿಗ್ಗೆ ಶೆಡ್ಡಿನಲ್ಲಿ
ನೀಲಿ ರಾಶಿಯ ಸುತ್ತ ದಾರ ಕತ್ತರಿಸುವವರು ಐದು ಮಂದಿ.
ಅವರ ಹೆಸರು ನಾನು ಯಾವತ್ತೂ ಬರೆದಿಟ್ಟವನಲ್ಲ,
ಬರೆದದ್ದು ಎಷ್ಟು ಪೀಸು ಅಂತ ಮಾತ್ರ.
ಫೋನು ಜೇಬಿಗೆ ಹಾಕಿ ನಿಂತೆ.
ಒಬ್ಬಳು ತಲೆಯೆತ್ತದೆ ಕೇಳಿದಳು:
"ಏನಣ್ಣಾ, ಬೆಳಕಿಗೆ ಅಡ್ಡ ನಿಂತೀರಿ."