ಲೈನಿನಲ್ಲೇ ಇರಿ

ಹನ್ನೊಂದಕ್ಕೆ ತಾರಸಿ ಹತ್ತುತ್ತೇನೆ.
ಗೋಣಿಕೊಪ್ಪದ ಈ ಬಾಡಿಗೆ ಮನೆಯಲ್ಲಿ
ನೀರಿನ ಟ್ಯಾಂಕಿನ ಪಕ್ಕ ಮಾತ್ರ ಸಿಗ್ನಲ್ಲು,
ಅದೂ ಎರಡೇ ಕಡ್ಡಿ.
ತೊಡೆಯ ಮೇಲೆ ಕೇಂದ್ರದ ರಿಜಿಸ್ಟರು:
ಹೆಸರು, ಮಾತ್ರೆ, ನಿದ್ದೆ, ಮಾತಾಡಿದ ವಿಷಯ, ಕರೆಯ ಅವಧಿ.
ವಿರಾಜಪೇಟೆಯ ಹಗಲು-ಕೇಂದ್ರಕ್ಕೆ ಬೀಗ ಬಿದ್ದು ಇಪ್ಪತ್ತಾರು ದಿನ.
ಕೇರಂ ಬೋರ್ಡಿನ ಮೇಲೆ ಪೌಡರು ಹಾಗೇ ಇದ್ದೀತು.

ಏಳು ಜನ ನನ್ನ ಪಾಲಿಗೆ.
ಪಳಂಗಪ್ಪಣ್ಣನಿಗೆ ರೋಗದ ಸುದ್ದಿ ದಿನಾ ಹೊಸದು.
ದಿನಾ ಹೊಸದಾಗಿ ಹೆದರುತ್ತಾರೆ,
ನಾನು ದಿನಾ ಹೊಸದಾಗಿ ಹೇಳುತ್ತೇನೆ,
ನಿನ್ನೆಗಿಂತ ಸ್ವಲ್ಪ ಕಡಿಮೆ ಹೇಳುತ್ತೇನೆ.
ಆಮಿನುಮ್ಮನ ತಂಗಿ ಇರಿಟ್ಟಿಯಲ್ಲಿ.
ಮಾಕುಟ್ಟದ ರಸ್ತೆಗೆ ಸುರಿದ ಮಣ್ಣು ತೆಗೆದರಾ
ಎಂದು ಕೇಳುವುದೊಂದನ್ನು ಆಕೆ ಮರೆತಿಲ್ಲ.

ನಾಲ್ಕನೆಯವರು ಫ್ಲೋರಿನ್ ಬಾಯಿ.
ಹಲೋ ಅನ್ನುವುದಿಲ್ಲ.
'ನಂಬರ್ ಪ್ಲೀಸ್.'
ಸೋಮವಾರಪೇಟೆ ಎಕ್ಸ್‌ಚೇಂಜಿನಲ್ಲಿ ಎಷ್ಟೋ ವರ್ಷ
ಯಾರ ಮನೆಯ ಸಾವು ಯಾರ ಮನೆಗೆ,
ಯಾವ ತೋಟದ ಮೆಣಸು ಯಾವ ಮಂಡಿಗೆ,
ಎಲ್ಲ ಅವರ ಎರಡು ಬೆರಳ ನಡುವೆ ದಾಟಿದ್ದು.
ಈಗ ಬೆಳಗಿನ ಮಾತ್ರೆ
ಗಂಟಲು ದಾಟುವಷ್ಟರಲ್ಲಿ ನೆನಪಿನಿಂದ ಕಳಚಿಕೊಳ್ಳುತ್ತದೆ.
'ನುಂಗಿದ್ದಾರೆ, ನಾನೇ ಕೊಟ್ಟೆ!'
ಹಿಂದಿನಿಂದ ತಂಗಿಯ ಮಗಳು ಹಿಲ್ಡಾ ಕೂಗುತ್ತಾಳೆ,
ಹೊಲಿಗೆ ಯಂತ್ರ ನಿಲ್ಲಿಸದೆ.
ಪಂಚಾಯಿತಿಗೆ ಮಾಸ್ಕು, ಒಂದಕ್ಕೆ ನಾಲ್ಕು ರೂಪಾಯಿ.

ಹಾಳೆಯ ಮೊದಲ ಪ್ರಶ್ನೆ: ಇವತ್ತು ಯಾವ ವಾರ?
'ಅಂಗಡಿ ತೆಗೆಯದ ವಾರ.'
ಸರಿಯೋ ತಪ್ಪೋ ನೋಡಲು ಫೋನು ಹುಡುಕಿದೆ,
ಫೋನು ಕಿವಿಯಲ್ಲಿತ್ತು.
ಕೆಳಗೆ ಖಾಲಿ ರಸ್ತೆಯ ನಡುಮಧ್ಯೆ ಒಂದು ನಾಯಿ ಮಲಗಿತ್ತು,
ಅದಕ್ಕೂ ವಾರ ಗೊತ್ತಿದ್ದ ಹಾಗೆ ಕಾಣಲಿಲ್ಲ.
ಸರಿ ಗುರುತು ಹಾಕಿದೆ.

ಗಡಿಯಾರ ನೋಡುವುದು ಮರೆತ ಹೆಂಗಸು
ಮೂರು ನಿಮಿಷಕ್ಕೆ ಸರಿಯಾಗಿ ನನ್ನ ಮಾತು ತಡೆಯುತ್ತಾರೆ.
'ಟೈಮ್ ಆಯಿತು. ಮುಂದುವರಿಸುತ್ತೀರಾ?'
ಮೊದಲ ವಾರ ತಿದ್ದಿದೆ:
ಬಾಯಿ, ಇದು ಟ್ರಂಕ್ ಕಾಲ್ ಅಲ್ಲ,
ನೀವು ರಿಟೈರಾಗಿ ಬಹಳ ಕಾಲವಾಯಿತು.
ಅಪರಿಚಿತರ ಅಡುಗೆಮನೆಗೆ ಕಾಲಿಟ್ಟವರ ಹಾಗೆ
'ಸಾರಿ' ಅಂದರು, ಇಟ್ಟುಬಿಟ್ಟರು.
ಆ ದಿನ ಮಿಕ್ಕ ಮೂವರ ಜೊತೆ ನಾನು ಏನು ಮಾತಾಡಿದೆನೋ.
ಎರಡನೇ ವಾರದಿಂದ,
'ಇನ್ನೊಂದು ಮೂರು ಕೊಡಿ ಬಾಯಿ' ಅನ್ನುತ್ತೇನೆ.
ಕೊಡುತ್ತಾರೆ. ಸರ್ಕಾರದ ಗತ್ತಿನಲ್ಲಿ.

ನಿನ್ನೆ ಹೂಮಳೆ ಬಿದ್ದು ಲೈನು ಗರಗರ ಅನ್ನುತ್ತಿತ್ತು.
ನಿದ್ದೆ ಬಂತಾ, ಊಟ ಆಯಿತಾ, ಅಂತ ಶುರುಮಾಡಿದೆ.
'ಅದಿರಲಿ, ನಿಮಗೆ ಯಾರು ಬೇಕು?' ಅಂದರು.

ಬೆಳಗಿನಿಂದ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.
'ಅಕ್ಕ,' ಅಂದುಬಿಟ್ಟೆ.
'ಮಡಿಕೇರಿ ಆಸ್ಪತ್ರೆ. ವಾರ್ಡಿನ ಡ್ಯೂಟಿ.
ಎಂಟು ದಿನದಿಂದ ಎತ್ತುತ್ತಿಲ್ಲ.'
'ಲೈನಿನಲ್ಲೇ ಇರಿ.'

ರಿಸೀವರು ಮೇಜಿನ ಮೇಲೆ ಕೂತ ಸದ್ದು.
ಆಮೇಲೆ ಚಪ್ಪಲಿ, ದೂರ ದೂರ.
ಮರೆತರು, ಗೊತ್ತು.
ಕಟ್ ಮಾಡಬಹುದಿತ್ತು.
ಕುಕ್ಕರ್ ಎರಡು ಸಲ ಕೂಗಿತು.
ಹಿಲ್ಡಾಳ ಯಂತ್ರ ಓಡಿತು, ನಿಂತಿತು,
ದಾರ ಕಡಿದಳೇನೋ, ಮತ್ತೆ ಓಡಿತು.
ಟ್ಯಾಂಕಿಗೆ ಬೆನ್ನು ಕೊಟ್ಟು ಕೂತೆ,
ಬಹಳ ದಿನದ ಮೇಲೆ ಇನ್ನೊಬ್ಬರ ಮನೆಯೊಳಗೆ ಕೂತ ಹಾಗೆ.

ಚಪ್ಪಲಿ ಹತ್ತಿರ ಬಂತು.
'ಇನ್ನೂ ಇದ್ದೀರಾ?'
'ಇದ್ದೇನೆ ಬಾಯಿ.'
'ಆ ಕಡೆ ಎತ್ತುತ್ತಿಲ್ಲ. ಆದರೆ ಲೈನು ಸತ್ತಿಲ್ಲ.
ಸಂಜೆ ಇನ್ನೊಂದು ಸಲ ನೋಡೋಣ.'

ಅವಧಿ: ಹತ್ತೊಂಬತ್ತು ನಿಮಿಷ.
ಮಾತಾಡಿದ ವಿಷಯ:
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.
ಹೊಲಿಗೆ ಯಂತ್ರ, ಅಂತ ಬರೆದೆ.
ಐದನೆಯವರಿಗೆ ತಡವಾಗಿತ್ತು.