ಕುಗ್ಗಿಸುವ ಯಂತ್ರ

ಪ್ಯಾರಿಸ್ಸಿನ ಈ ಓಣಿಯಲ್ಲಿ ನನ್ನ ಕೆಲಸ
ದೊಡ್ಡದನ್ನು ಚಿಕ್ಕದು ಮಾಡುವುದು.
ಊಟದ ತಟ್ಟೆಯಗಲದ ಮಾದರಿಯ ಮೇಲೆ
ಮೊಂಡು ಸೂಜಿಯೊಂದು ತಡವುತ್ತ ಹೋದರೆ
ಆ ತುದಿಯಲ್ಲಿ ಇನ್ನೊಂದು, ಚೂಪಿನದು,
ಉಕ್ಕಿನಲ್ಲಿ ಅದನ್ನೇ ಕೊರೆಯುತ್ತದೆ,
ಅಂಗೈಯಲ್ಲಿ ಮುಚ್ಚಿಡುವಷ್ಟು.
ಒಬ್ಬ ಹೆಂಗಸಿಗೆ ಎರಡು ಹಗಲು, ಒಂದು ರಾತ್ರಿ.
ಎತ್ತಿಗೆ ಇನ್ನೂ ಹೆಚ್ಚು. ಕೊಂಬು ಕಾಡುತ್ತದೆ.

ಈ ವಾರ ಬಂದವಳು ಗೋಧಿ ಕೊಯ್ಯುವವಳು.
ಟೋಪಿ ಹೊಲಿಯುವ ಹುಡುಗಿಯನ್ನು ಗಂಟೆಗಿಷ್ಟೆಂದು ನಿಲ್ಲಿಸಿ
ಕುಡುಗೋಲಿನ ಬದಲು ಛತ್ರಿಯ ಹಿಡಿ ಕೊಟ್ಟು
ಯಜಮಾನ ವೋದ್ರೇ ಮಾಡಿದ್ದು; ನಾನೇ ಕಂಡೆ.
ಬೆನ್ನು ಬಾಗಿದೆ,
ಸೇತುವೆ ಬಾಗಿದಷ್ಟು ಚೆಂದಕ್ಕೆ.
ಸಿವುಡಿಗೆ ಬಿಗಿದ ಗಂಟು ಮಾತ್ರ ರಿಬ್ಬನ್ನಿನದು.

‘ಸ್ವಾಮಿ, ಹುಲ್ಲನ್ನೇ ಹೊಸೆದು, ತಿರುಚಿ, ತುದಿ ಒಳಗೆ ಸಿಕ್ಕಿಸುತ್ತಾರೆ.
ಗಂಟು ಹಾಕಿದರೆ ಒಕ್ಕುವ ದಿನ ಬಿಚ್ಚುತ್ತ ಕೂರುವವರು ಯಾರು?’
ನಕ್ಕರು.
‘ಬಹುಮಾನ ಹಂಚುವ ಮಂತ್ರಿ ಸಿವುಡು ಬಿಚ್ಚುವುದಿಲ್ಲ, ಅನ್ಸೆಲ್ಮ್.’

ಸೀಸದ ಮೊದಲ ಪ್ರತಿಯನ್ನು ಜೇಬಿಗಿಳಿಸಿ
ಭಾನುವಾರ ಬೋಸ್ ಬಯಲಿನ ರೈಲು ಹತ್ತಿದೆ.
ನನ್ನಮ್ಮ ಲೆಯೊಕಾದಿ ದೀಪದ ಬಳಿ ಹಿಡಿದಳು,
ತೋಳು ಚಾಚಿ ದೂರ ಹಿಡಿದಳು,
‘ಯಾರ ಮದುವೆ?’ ಎಂದಳು.
ಹೇಳಿದೆ.
ಕುಯ್ದು ಕುಯ್ದು ಸೊಟ್ಟಗಾದ ಹೆಬ್ಬೆರಳಿಂದ
ಆ ಬೆನ್ನನ್ನೊಮ್ಮೆ ಸವರಿ,
‘ಪಾಪ, ಇವಳಿಗೆ ಇನ್ನೂ ಬೆಳಗಿನ ಹೊತ್ತು.’

ತಿರುವಿದಳು. ಹಿಂಬದಿ ಬರಿದು:
ಗೆಲ್ಲುವ ಜಮೀನ್ದಾರನ ಹೆಸರಿಗೆ ಬಿಟ್ಟ ಜಾಗ.
ಬಹಳ ಹೊತ್ತು ಅದನ್ನೇ ನೋಡಿದಳು,
ಹಕ್ಕಲಾಯಲು ಬಂದವಳು
ಕೂಳೆಯ ಸಾಲುಗಳನ್ನು ನೋಡುವ ಹಾಗೆ.

ಸೀಸ ಅಲ್ಲೇ ಉಳಿಯಿತು,
ಬೆಣ್ಣೆ ಗಡಿಗೆಯ ಬಟ್ಟೆ ಹಾರದಂತೆ ಭಾರಕ್ಕೆ.

ಸೋಮವಾರ ಎಲ್ಲರೂ ಹೋದ ಮೇಲೆ
ಭೂತಗನ್ನಡಿ ಕಣ್ಣಿಗೊತ್ತಿಕೊಂಡು ಕೂತೆ.
ರಿಬ್ಬನ್ನಿನ ಎರಡು ಕಿವಿ ಕೆರೆದು ತೆಗೆದೆ,
ಸಾಸಿವೆಯಷ್ಟು ಜಾಗದಲ್ಲಿ ಹುಲ್ಲು ಹೊಸೆದೆ,
ತಿರುಚಿದೆ, ಒಳಗೆ ಸಿಕ್ಕಿಸಿದೆ.
ಉಸಿರು ಬಿಟ್ಟಾಗ ಗಾಜು ಮಂಜಾಯಿತು.
ಬೆನ್ನಿಗೆ ಕೈಹಚ್ಚುವ ಧೈರ್ಯವಾಗಲಿಲ್ಲ.

ಎಂಟು ನೂರು ಕಂಚಿನ ಬಿಲ್ಲೆಗಳು
ನೀಲಿ ಮಖಮಲ್ಲಿನ ಪೆಟ್ಟಿಗೆಗಳಲ್ಲಿ ಊರೂರಿಗೆ ಹೊರಟವು.
ಯಾರೂ ಏನೂ ಅನ್ನಲಿಲ್ಲ.
ಯಜಮಾನರೂ ಸಹ, ಒಂದನ್ನು ಬೆಳಕಿಗೆ ಹಿಡಿದು,
ನನ್ನತ್ತ ನೋಡಿ, ಇಟ್ಟುಬಿಟ್ಟರು.

ನಾಳೆ ಎತ್ತು ಬರುತ್ತದಂತೆ, ಜೋಡಿ.
ನೊಗದ ಹಗ್ಗ ಹೇಗೆ ಕಟ್ಟಿದ್ದಾರೋ.